ಕೃಷಿ ಹೊಂಡದ ಮೀನಿಗೆ ಮೇವೆರಚುವ ಯಂತ್ರ: ಕೂರಿಸುವುದು, ಅಳೆಯುವುದು, ಕಣ್ಣಿಡುವುದು

ಹಸು ಕಟ್ಟಿದವರಿಗೂ ಮೀನು ಬಿಟ್ಟವರಿಗೂ ಊರು ಬಿಟ್ಟು ಹೋಗುವುದು ಕಷ್ಟವೇ. ಆದರೆ ಹಸು ಹಸಿದರೆ ಕೂಗುತ್ತದೆ, ಪಕ್ಕದ ಮನೆಯವರು ಒಂದು ಕಂತೆ ಹುಲ್ಲು ಹಾಕುತ್ತಾರೆ. ಮೀನಿನ ಹಸಿವು ಯಾರ ಕಿವಿಗೂ ಬೀಳುವುದಿಲ್ಲ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಪ್ಲಾಸ್ಟಿಕ್ ಹಾಸಿದ ಹೊಂಡಗಳು ಎದ್ದವು. ಮಳೆ ನೀರು ನಿಂತ ಕಡೆಯೆಲ್ಲ ನಾಲ್ಕು ಮೀನು ಬಿಡೋಣ ಅನ್ನಿಸುವುದು ಸಹಜ. ಬಿಡುವುದು ಸುಲಭ, ದಿನಕ್ಕೆ ಮೂರು ಸಲ ಹೊಲಕ್ಕೆ ಹೋಗಿ ಮೇವು ಹಾಕುವುದು ಕಷ್ಟ. ಬಿತ್ತನೆ, ಕಳೆ, ಸಂತೆ, ಮದುವೆ ಅಂತ ಒಂದು ಹೊತ್ತು ತಪ್ಪುತ್ತದೆ. ತಪ್ಪಿದ್ದನ್ನು ಸರಿದೂಗಿಸಲು ಸಂಜೆ ಒಟ್ಟಿಗೆ ಸುರಿಯುತ್ತೇವೆ, ಅದು ಇನ್ನೂ ಕೆಟ್ಟದ್ದು.

ಮೇವೆರಚುವ ಯಂತ್ರ ಈ ಕಷ್ಟಕ್ಕೆ ಒಳ್ಳೆಯ ಉತ್ತರ. ನಮ್ಮ ಹೊಂಡದಲ್ಲಿ ಕೆಲವು ವರ್ಷಗಳಿಂದ ಒಂದಿದೆ. ಅದನ್ನು ಕೊಳ್ಳುವವರಿಗೆಲ್ಲ ನಾನು ಮೊದಲು ಹೇಳುವ ಮಾತು ಒಂದೇ: ಯಂತ್ರ ಹೊತ್ತಿಗೆ ಸರಿಯಾಗಿ ಎರಚುತ್ತದೆ, ಆದರೆ ಮೀನು ತಿಂದಿತೋ ಬಿಟ್ಟಿತೋ ಅದಕ್ಕೆ ಕಾಣುವುದಿಲ್ಲ. ಕೈಯಿಂದ ಹಾಕುವಾಗ ನಾವು ಅರಿವಿಲ್ಲದೆಯೇ ನೋಡುತ್ತಿರುತ್ತೇವೆ. ಮೀನು ನಿಧಾನವಾದರೆ ಕೈ ತಾನಾಗಿ ನಿಲ್ಲುತ್ತದೆ. ಯಂತ್ರ ಬಂದ ಮೇಲೆ ಆ ನೋಡುವ ಕೆಲಸವನ್ನು ಬೇಕೆಂದೇ ಮಾಡಬೇಕು. ಮುಂದಿನದೆಲ್ಲ ಬಹುಪಾಲು ಅದರ ಬಗ್ಗೆಯೇ.

ಯಾವ ಯಂತ್ರ

ಸಣ್ಣ ಹೊಂಡಕ್ಕೆ ಒಗ್ಗುವಂಥವು ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ಕರೆಂಟೇ ಬೇಡದ ಕೋಲಿನ ಯಂತ್ರ. ಡ್ರಮ್ಮಿನ ತಳದಿಂದ ಒಂದು ಕಡ್ಡಿ ನೀರಿಗೆ ಇಳಿಬಿದ್ದಿರುತ್ತದೆ. ಮೀನು ಅದನ್ನು ಮೂತಿಯಿಂದ ದೂಡಿದರೆ ನಾಲ್ಕು ಕಾಳು ಬೀಳುತ್ತದೆ. ಮೀನು ಇದನ್ನು ಬೇಗ ಕಲಿಯುತ್ತದೆ. ಆದರೆ ಜೋರಾದ ಮೀನುಗಳು ಕೋಲಿನ ಸುತ್ತ ಕಾವಲು ನಿಂತು ಬಡಪಾಯಿಗಳನ್ನು ಹತ್ತಿರ ಬಿಡುವುದಿಲ್ಲ. ಆಷಾಢದ ಗಾಳಿಗೆ ನೀರಿನ ಅಲೆಯೇ ಕೋಲನ್ನು ಅಲ್ಲಾಡಿಸಿ ಮೇವು ಸುರಿಸುವುದೂ ಉಂಟು.

ಎರಡನೆಯದು ಟೈಮರ್ ಇರುವ ಎರಚುವ ಯಂತ್ರ. ಮೇಲೆ ಮೇವಿನ ಡ್ರಮ್ಮು, ಕೆಳಗೆ ಮೋಟಾರಿಗೆ ಸಿಕ್ಕಿಸಿದ ತಟ್ಟೆ. ತಟ್ಟೆ ಗಿರ್ರನೆ ತಿರುಗಿ ಕಾಳನ್ನು ದೂರಕ್ಕೆ ಬೀಸುತ್ತದೆ. ಮೇವು ಅಗಲಕ್ಕೆ ಹರಡುವುದರಿಂದ ಸಣ್ಣ ಮೀನಿಗೂ ಪಾಲು ಸಿಗುತ್ತದೆ. ನಾನು ಇದನ್ನೇ ಒಪ್ಪುತ್ತೇನೆ. ಕೊಳ್ಳುವಾಗ ಎಷ್ಟು ದೂರ ಎಸೆಯುತ್ತದೆ ಎಂದು ಕೇಳಿ. ಸಿಗಡಿ ಕೆರೆಗಳಿಗೆಂದು ಮಾಡಿದ ದೊಡ್ಡ ಯಂತ್ರಗಳು ಹತ್ತು ಹದಿನೈದು ಮೀಟರ್ ಬೀಸುತ್ತವೆ. 20 ಮೀಟರ್ ಅಗಲದ ಹೊಂಡದಲ್ಲಿ ಅಂಥದ್ದನ್ನಿಟ್ಟರೆ ಗಾಳಿ ಬೀಸಿದ ದಿನ ಅರ್ಧ ಮೇವು ಎದುರು ಬದುವಿನ ಮೇಲಿರುತ್ತದೆ. ನಾಲ್ಕೈದು ಮೀಟರ್ ಎಸೆದರೆ ಸಾಕು. ಡ್ರಮ್ಮೂ ದೊಡ್ಡದು ಬೇಡ. ಹದಿನೈದು ದಿನದ ಮೇವು ಹಿಡಿಯುವ ಡ್ರಮ್ಮು ಅಂದರೆ ಹದಿನೈದು ದಿನ ಹೊಂಡದ ಕಡೆ ತಲೆ ಹಾಕದಿರಲು ಒಂದು ನೆಪ.

ಇನ್ನೊಂದು ವಿಷಯವನ್ನು ಕೊಳ್ಳುವ ಮುಂಚೆಯೇ ತಿಳಿದಿರಬೇಕು. ಈ ಯಂತ್ರಗಳಲ್ಲಿ ಓಡುವುದು ಗುಳಿಗೆ ಮೇವು ಮಾತ್ರ, ನಮಗೆ ಬೇಕಾದ್ದು ಅದರಲ್ಲಿ ತೇಲುವಂಥದ್ದು. ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಹಾಕಿದರೆ ಕಟ್ಟಿಕೊಳ್ಳುತ್ತದೆ. ಆಂಧ್ರದ ಕೊಲ್ಲೇರು ಸರೋವರದ ಸುತ್ತಿನ ದೊಡ್ಡ ಮೀನುಕೆರೆಗಳಲ್ಲಿ ತೌಡನ್ನು ತೂತು ಮಾಡಿದ ಚೀಲಕ್ಕೆ ತುಂಬಿ ಗಳುವಿಗೆ ಕಟ್ಟಿ ನೀರಿನಲ್ಲಿ ಇಳಿಬಿಡುತ್ತಾರೆ, ಮೀನು ಬಂದು ತೂತಿನಿಂದ ಚೀಪುತ್ತದೆ. ತೌಡು ಹಿಂಡಿಯಲ್ಲೇ ಸಾಕುತ್ತೇನೆ ಎನ್ನುವವರಿಗೆ ಆ ಚೀಲವೇ ಸರಿ, ಯಂತ್ರಕ್ಕೆ ದುಡ್ಡು ಹಾಕಬೇಡಿ. ಮೀನಿನ ಜಾತಿಯನ್ನೂ ನೋಡಬೇಕು. ರೂಪಚಂದ್, ತಿಲಾಪಿಯ, ಪಂಗಾಸಿಯಸ್ ಗುಳಿಗೆಗೆ ಮುಗಿಬೀಳುತ್ತವೆ. ರೋಹು ಮತ್ತು ಸಾಮಾನ್ಯ ಗೆಂಡೆ ಕಲಿತ ಮೇಲೆ ಚೆನ್ನಾಗಿ ತಿನ್ನುತ್ತವೆ. ಕಾಟ್ಲಾ ಮಾತ್ರ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ಮೀನು. ಬರೀ ಗುಳಿಗೆ ನಂಬಿಕೊಂಡು ಕಾಟ್ಲಾ ಬಿಟ್ಟರೆ ಅದು ಏಳ್ಗೆಯಾಗುವುದಿಲ್ಲ.

ಎಲ್ಲಿ, ಹೇಗೆ ನಿಲ್ಲಿಸುವುದು

ಗಾಳಿ ಬರುವ ಕಡೆಯ ಬದುವಿನ ಮೇಲೆ ನಿಲ್ಲಿಸಿ, ಗಾಳಿ ಹೋಗುವ ಕಡೆ ಎರಚುವಂತೆ ಮುಖ ತಿರುಗಿಸಿ. ಮುಂಗಾರಿನಲ್ಲಿ ನಮ್ಮ ಕಡೆ ಗಾಳಿ ಪಡುವಣದಿಂದ ಬೀಸುವುದರಿಂದ ಪಡುವಣ ಬದು ಒಳ್ಳೆಯದು. ಅಲ್ಲಿಂದ ಬಿದ್ದ ಮೇವು ನಿಧಾನವಾಗಿ ಇಡೀ ಹೊಂಡ ದಾಟಿ ಹೋಗುತ್ತದೆ, ದಾರಿಯಲ್ಲಿ ಮೀನು ತಿನ್ನುತ್ತದೆ. ಮೂಡಣ ಬದುವಿನಲ್ಲಿಟ್ಟರೆ ಬಿದ್ದ ಮೇವು ಅಲ್ಲೇ ಅಂಚಿಗೆ ಬಡಿದು, ಪ್ಲಾಸ್ಟಿಕ್ಕಿಗೆ ಅಂಟಿ, ನೆನೆದು ಕೊಳೆಯುತ್ತದೆ. ಚಳಿಗಾಲಕ್ಕೆ ಗಾಳಿ ದಿಕ್ಕು ಬದಲಿಸುತ್ತದೆ. ಹಾಗಾಗಿ ಕಂಬವನ್ನು ಕಾಂಕ್ರೀಟಿನಲ್ಲಿ ಹೂಳಬೇಡಿ. ಎತ್ತಿ ಸಾಗಿಸಬಹುದಾದ ಕಬ್ಬಿಣದ ಕಾಲುಮಣೆ ಮಾಡಿಸಿ ಕಾಲುಗಳ ಮೇಲೆ ಕಲ್ಲು ಹೇರಿ.

ಮೇವು ಚದುರಿ ಹೋಗದಂತೆ ಒಂದು ತೇಲುವ ಚೌಕಟ್ಟು ಬೇಕು. ಒಂದಿಂಚಿನ ಪಿವಿಸಿ ಪೈಪಿನಿಂದ ಮೂರು ಮೀಟರ್ ಬದಿಯ ಚೌಕ ಮಾಡಿ, ಮೂಲೆಗಳಲ್ಲಿ ಎಲ್ಬೋ ಹಾಕಿ ಗಾಳಿ ಹೊರಹೋಗದಂತೆ ಅಂಟಿಸಿ. ಹಗ್ಗದಿಂದ ಎರಡು ಬದುಗಳಿಗೆ ಕಟ್ಟಿ ಯಂತ್ರದ ಎದುರಿಗೆ ನಿಲ್ಲಿಸಿ. ಬಹುಪಾಲು ಕಾಳು ಅದರೊಳಗೆ ಬೀಳುವಂತೆ ಯಂತ್ರದ ಬಾಯಿ ಹೊಂದಿಸಿ. ಈ ಚೌಕಟ್ಟಿನ ಇನ್ನೊಂದು ಉಪಯೋಗ ದೊಡ್ಡದು: ಎಷ್ಟು ಮೇವು ಉಳಿಯಿತು ಎಂದು ದೂರದಿಂದಲೇ ಕಾಣುತ್ತದೆ.

ಪ್ಲಾಸ್ಟಿಕ್ ಹಾಳೆಗೆ ಎಲ್ಲೂ ಮೊಳೆ, ಗೂಟ ತಾಗಿಸಬೇಡಿ. ಯಂತ್ರ ಬದುವಿನ ಮೇಲೇ ಇರಲಿ, ಬಾಯಿ ಮಾತ್ರ ನೀರಿನ ಕಡೆ ಚಾಚಿರಲಿ. ಮೇವು ತುಂಬುವಾಗ ನೀರಿನ ಕಡೆ ಬಾಗುವಂತಿರಬಾರದು. ಇದನ್ನು ಒತ್ತಿ ಹೇಳುತ್ತೇನೆ. ಪಾಚಿ ಕಟ್ಟಿದ ಪ್ಲಾಸ್ಟಿಕ್ ಇಳಿಜಾರಿನಲ್ಲಿ ಕಾಲು ಜಾರಿದರೆ ಈಜು ಬರುವವರಿಗೂ ಹತ್ತಿ ಬರಲಾಗುವುದಿಲ್ಲ. ಯಂತ್ರ ಕೂರಿಸುವ ದಿನವೇ ಗಂಟು ಹಾಕಿದ ದಪ್ಪ ಹಗ್ಗಗಳನ್ನು ನಾಲ್ಕು ಬದಿಯಿಂದ ನೀರಿನ ತಳದವರೆಗೆ ಇಳಿಬಿಡಿ, ಸುತ್ತ ಬೇಲಿ ಹಾಕಿಸಿ. ಯಂತ್ರ ತಿರುಗುವುದನ್ನೂ ಮೀನು ಮೇಲೇಳುವುದನ್ನೂ ನೋಡಲು ಊರಿನ ಮಕ್ಕಳು ಬಂದೇ ಬರುತ್ತಾರೆ.

ಕರೆಂಟು

ಪಂಪ್‌ಸೆಟ್ ಲೈನಿನಲ್ಲಿ ದಿನಕ್ಕೆ ಏಳು ಗಂಟೆ ಕಾಲ ಬರುವ ತ್ರೀ ಫೇಸ್ ಕರೆಂಟನ್ನು ನಂಬಿ ಮೇವಿನ ವೇಳೆ ಇಡಲಾಗದು. ಅದು ಯಾವ ಹೊತ್ತಿಗೆ ಬರುತ್ತದೋ ಆ ಹೊತ್ತಿಗೆ ಮೀನು ತಿನ್ನಬೇಕಾಗುತ್ತದೆ. ಮುಳ್ಳಿನ ಟೈಮರ್ ಆದರೆ ಕರೆಂಟು ಹೋದಾಗ ನಿಂತು, ಬಂದಾಗ ಮುಂದುವರಿದು, ವಾರದಲ್ಲಿ ಹಗಲು ರಾತ್ರಿಯನ್ನೇ ಅದಲುಬದಲು ಮಾಡುತ್ತದೆ. ನೀರಿನಂಚಿನಲ್ಲಿ 230 ವೋಲ್ಟ್ ತಂತಿ ಎಳೆಯುವುದೂ ಅಪಾಯ. 12 ವೋಲ್ಟಿನ ಯಂತ್ರ, ಸಣ್ಣ ಬ್ಯಾಟರಿ, 10 ಅಥವಾ 20 ವ್ಯಾಟಿನ ಸೋಲಾರ್ ಪ್ಲೇಟು ಸಾಕು.

ಸಾಕೇ ಎಂದು ಅನುಮಾನಪಡುವವರಿಗೆ ಲೆಕ್ಕ ಕೊಡುತ್ತೇನೆ. ಮೋಟಾರು 3 ಆಂಪಿಯರ್ ಎಳೆಯುತ್ತದೆ, ದಿನಕ್ಕೆ ಮೂರು ಸಲ ಸೇರಿ ಸುಮಾರು 50 ಸೆಕೆಂಡು ಓಡುತ್ತದೆ ಎಂದಿಟ್ಟುಕೊಳ್ಳಿ. ಅದು 0.04 ಆಂಪಿಯರ್ ಅವರ್, ಅಂದರೆ ಏನೂ ಇಲ್ಲ. ಟೈಮರ್ ಎಚ್ಚರವಾಗಿರಲು 20 ಮಿಲಿ ಆಂಪಿಯರ್ ತಿಂದರೆ ದಿನಕ್ಕೆ ಅರ್ಧ ಆಂಪಿಯರ್ ಅವರ್ ಅದಕ್ಕೇ ಹೋಗುತ್ತದೆ. 7 ಆಂಪಿಯರ್ ಅವರ್ ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಆದರೂ ಆರು ದಿನ ಬಿಸಿಲೇ ಬಾರದಿದ್ದರೂ ನಡೆಯುತ್ತದೆ. ನಿಮ್ಮ ಯಂತ್ರದ ಮೇಲಿನ ಚೀಟಿ ನೋಡಿ ಇದೇ ರೀತಿ ಕೂಡಿ ಕಳೆದುಕೊಳ್ಳಿ. ಟೈಮರಿನ ಗಡಿಯಾರವನ್ನು ತಿಂಗಳಿಗೊಮ್ಮೆ ಮೊಬೈಲಿಗೆ ಹೋಲಿಸಿ ಸರಿ ಮಾಡಿ.

ಅಳತೆ

ಇಲ್ಲಿ ಆತುರ ಪಟ್ಟವರೇ ಹೆಚ್ಚು. ಡಬ್ಬಿಯ ಮೇಲೆ ‘ನಿಮಿಷಕ್ಕೆ ಇಷ್ಟು ಗ್ರಾಂ’ ಎಂದು ಬರೆದಿರುತ್ತದೆ. ಅದನ್ನು ಪಕ್ಕಕ್ಕಿಡಿ. ಕಾಳಿನ ಗಾತ್ರ ಬದಲಾದರೆ, ಬ್ಯಾಟರಿ ಇಳಿದರೆ, ಡ್ರಮ್ಮು ಖಾಲಿಯಾಗುತ್ತಾ ಬಂದರೆ ಆ ಲೆಕ್ಕ ಬದಲಾಗುತ್ತದೆ.

ಹಂತ ಹಂತವಾಗಿ ಹೀಗೆ ಮಾಡಿ.

1. ಹೊಂಡದಲ್ಲಿ ಎಷ್ಟು ಮೀನಿದೆ? 20 ಮೀಟರ್ ಉದ್ದ, 20 ಮೀಟರ್ ಅಗಲದ ಹೊಂಡವೆಂದರೆ 400 ಚದರ ಮೀಟರ್ ನೀರು, ಸುಮಾರು ನಾಲ್ಕು ಗುಂಟೆ. ಗಾಳಿ ಊದುವ ಯಂತ್ರವಿಲ್ಲದ ಹೊಂಡಕ್ಕೆ ಚದರ ಮೀಟರಿಗೆ ಒಂದು ಮೀನಿನ ಆಸುಪಾಸು ಸಾಕು. 500 ಮರಿ ಬಿಟ್ಟಿದ್ದರೆ 400 ಉಳಿದಿವೆ ಎಂದು ಹಿಡಿಯಿರಿ. ಬಿಟ್ಟದ್ದಷ್ಟೂ ಬದುಕಿದೆ ಎಂದು ನಂಬಿ ಮೇವು ಹಾಕುವುದು ಮೊದಲ ತಪ್ಪು.

2. ಒಂದೊಂದು ಎಷ್ಟು ತೂಗುತ್ತದೆ? ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ, ಮೇವು ಹಾಕುವ ಮುಂಚೆ, ಬೀಸುಬಲೆ ಬೀಸಿ. ಬಕೆಟ್ಟಿಗೆ ನೀರು ಹಾಕಿ ತೂಗಿಟ್ಟು, ಅದರೊಳಗೆ 25 ಮೀನು ಬಿಟ್ಟು ಮತ್ತೆ ತೂಗಿ. ವ್ಯತ್ಯಾಸ ಎರಡೂವರೆ ಕಿಲೋ ಬಂದರೆ ಒಂದು ಮೀನು ಸರಾಸರಿ 100 ಗ್ರಾಂ. ಅಲ್ಲಿಗೆ 400 ಮೀನಿಗೆ 40 ಕಿಲೋ.

3. ದಿನದ ಮೇವು ಎಷ್ಟು? ಇಪ್ಪತ್ತು ಗ್ರಾಮಿನೊಳಗಿನ ಮರಿಗೆ ಮೈತೂಕದ ಶೇಕಡಾ 5ರಷ್ಟು, 50 ಗ್ರಾಂ ಹೊತ್ತಿಗೆ 4, ನೂರು ಗ್ರಾಮಿಗೆ 3, ಮುನ್ನೂರು ಗ್ರಾಂ ದಾಟಿದರೆ 2, ಅರ್ಧ ಕಿಲೋ ಮೇಲೆ ಇನ್ನೂ ಸ್ವಲ್ಪ ಕಡಿಮೆ. ನಮ್ಮ 40 ಕಿಲೋ ಮೀನಿಗೆ ಶೇಕಡಾ 3 ಅಂದರೆ ದಿನಕ್ಕೆ 1,200 ಗ್ರಾಂ. ಮೂರು ಹೊತ್ತಿಗೆ ಹಂಚಿದರೆ ಹೊತ್ತಿಗೆ 400 ಗ್ರಾಂ.

4. ಯಂತ್ರ ಎಷ್ಟು ಎರಚುತ್ತದೆ? ಯಂತ್ರದ ಬಾಯಿಗೆ ಗೋಣಿಚೀಲ ಕಟ್ಟಿ ಸರಿಯಾಗಿ 10 ಸೆಕೆಂಡು ಓಡಿಸಿ, ಚೀಲಕ್ಕೆ ಬಿದ್ದದ್ದನ್ನು ತೂಗಿ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. 250 ಗ್ರಾಂ ಬಂತೆನ್ನಿ, 400 ಗ್ರಾಮಿಗೆ 16 ಸೆಕೆಂಡು ಬೇಕು. ಡ್ರಮ್ಮು ತುಂಬಿದ್ದಾಗ ಒಮ್ಮೆ, ಕಾಲುಭಾಗ ಇದ್ದಾಗ ಒಮ್ಮೆ ಅಳೆಯಿರಿ.

5. ಶುರುವಿನಲ್ಲಿ ಆ 16ರ ಬದಲು 12 ಸೆಕೆಂಡಿಗೆ ಇಡಿ. ಏರಿಸುವುದು ಯಾವಾಗ ಬೇಕಾದರೂ ಆಗುತ್ತದೆ, ಕೊಳೆತ ಮೇವನ್ನು ನೀರಿನಿಂದ ತೆಗೆಯಲಾಗುವುದಿಲ್ಲ.

ಎರಡು ಮಿಲಿಮೀಟರ್ ಕಾಳಿನಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ ಹೋದಾಗಲೆಲ್ಲ ಚೀಲ ಕಟ್ಟಿ ಮತ್ತೆ ಅಳೆಯಲೇಬೇಕು. ಬೇರೆ ಕಂಪನಿಯ ಮೇವು ತಂದಾಗಲೂ ಅಷ್ಟೆ. ಮೀನು ಸಾಕಣೆಯ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೇವಿಗೇ ಹೋಗುತ್ತದೆ, ಅರ್ಧ ಗಂಟೆಯ ಅಳತೆಗೆ ಬೇಸರ ಬೇಡ. ಒಂದು ನೋಟ್‌ಬುಕ್ ಇಟ್ಟು ಚೀಲದ ಲೆಕ್ಕ, ತೂಕದ ಲೆಕ್ಕ ಬರೆಯಿರಿ. ಒಂದೂವರೆ ಕಿಲೋ ಮೇವಿಗೆ ಒಂದು ಕಿಲೋ ಮೀನು ಬೆಳೆದಿದ್ದರೆ ಸಂತೋಷಪಡಿ. ಎರಡು ಕಿಲೋ ದಾಟಿದರೆ ಮೇವು ನೀರಿಗೆ ಹೋಗುತ್ತಿದೆ, ಇಲ್ಲವೇ ನೀವು ಅಂದುಕೊಂಡಷ್ಟು ಮೀನು ಹೊಂಡದಲ್ಲಿಲ್ಲ.

ವೇಳೆ

ಬೆಳಿಗ್ಗೆ ಆರಕ್ಕೇ ಮೇವು ಬೀಳಲಿ ಎಂದು ಇಡುವವರಿದ್ದಾರೆ. ಬೇಡ. ಹಗಲು ಹೊತ್ತು ನೀರಿನ ಹಸಿರು ಪಾಚಿ ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ, ಮೀನು, ತಳದ ಕೊಳಕು ಎಲ್ಲ ಸೇರಿ ಅದನ್ನು ಬಳಸುತ್ತವೆ. ಹಾಗಾಗಿ ಆಮ್ಲಜನಕ ತೀರ ಕಡಿಮೆ ಇರುವುದು ಬೆಳಗಿನ ಜಾವ. ಉಂಡ ಮೀನಿಗೆ ಅರಗಿಸಲು ಹೆಚ್ಚು ಆಮ್ಲಜನಕ ಬೇಕು. ಉಸಿರಾಡಲೇ ಕಷ್ಟಪಡುವ ಹೊತ್ತಿನಲ್ಲಿ ಉಣಿಸುವುದು ತಪ್ಪು, ಸಂಜೆ ಕತ್ತಲಾದ ಮೇಲೆ ಉಣಿಸುವುದೂ ಅದೇ ಕಾರಣಕ್ಕೆ ತಪ್ಪು.

ನಾನು ಬೆಳಿಗ್ಗೆ 9, ಮಧ್ಯಾಹ್ನ 12.30, ಸಂಜೆ 4ಕ್ಕೆ ಇಟ್ಟಿದ್ದೇನೆ. ಮರಿಗಳಿರುವ ಮೊದಲ ತಿಂಗಳು ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಗೆಂಡೆ ಜಾತಿಯ ಮೀನು ಚೆನ್ನಾಗಿ ತಿನ್ನುವುದು ನೀರು 25ರಿಂದ 32 ಡಿಗ್ರಿ ಇದ್ದಾಗ. ಮಾರ್ಗಶಿರ, ಪುಷ್ಯದ ಚಳಿಯಲ್ಲಿ ಬೆಳಗಿನದನ್ನು ಹತ್ತೂವರೆಗೆ ತಳ್ಳಿ, ಸಂಜೆಯದನ್ನು ಮೂರೂವರೆಗೆ ಎಳೆದು, ಒಟ್ಟು ಮೇವು ಮೂರನೇ ಒಂದು ಪಾಲು ಇಳಿಸುತ್ತೇನೆ. ನೀರು 20 ಡಿಗ್ರಿಗಿಂತ ಕೆಳಗಿಳಿದ ದಿನ ಮಧ್ಯಾಹ್ನ ಒಂದೇ ಸಲ.

ವಾರಕ್ಕೊಂದು ದಿನ ಮೀನಿಗೂ ಒಪ್ಪತ್ತು. ನಮ್ಮಲ್ಲಿ ಸೋಮವಾರ. ಮಧ್ಯಾಹ್ನದ್ದೊಂದೇ ಹೊತ್ತು ಕೊಟ್ಟು, ಉಳಿದ ಸಮಯದಲ್ಲಿ ಡ್ರಮ್ಮು ಖಾಲಿ ಮಾಡಿ ಒರೆಸುತ್ತೇವೆ. ಉಳಿದುಪಳಿದ ಮೇವನ್ನು ಮೀನು ಹುಡುಕಿ ತಿನ್ನುತ್ತದೆ, ನೀರಿಗೂ ಸ್ವಲ್ಪ ಬಿಡುವು ಸಿಗುತ್ತದೆ.

ಮೊದಲ ಹತ್ತು ದಿನ

ಯಂತ್ರ ತಂದ ದಿನವೇ ಅದಕ್ಕೆ ಒಪ್ಪಿಸಿ ಮನೆಗೆ ಬರಬೇಡಿ. ಮೂರು ದಿನ ಅದೇ ಜಾಗದಲ್ಲಿ, ಅದೇ ವೇಳೆಗೆ ಕೈಯಿಂದ ಹಾಕಿ, ಖಾಲಿ ಯಂತ್ರವನ್ನು ಜೊತೆಗೆ ಓಡಿಸಿ. ಮೊದಲ ಸದ್ದಿಗೆ ಮೀನು ಬೆದರಿ ಓಡುತ್ತದೆ, ನಾಲ್ಕನೆಯ ದಿನದ ಹೊತ್ತಿಗೆ ಅದೇ ಸದ್ದಿಗೆ ಬರತೊಡಗುತ್ತದೆ. ಆಮೇಲೆ ಯಂತ್ರಕ್ಕೆ ಮೇವು ತುಂಬಿ, ಒಂದು ವಾರ ಪ್ರತಿ ಹೊತ್ತಿಗೂ ಬದುವಿನ ಮೇಲೆ ಕೂತು ನೋಡಿ. ಮೋಟಾರು ಗಿರ್ರೆನ್ನುವ ಮುಂಚೆಯೇ ನೀರು ಅಲುಗಿ ಮೀನು ಬಂದು ನಿಲ್ಲುವುದನ್ನು ಕಂಡ ದಿನ ನನಗಾದ ಸಂತೋಷ ಇನ್ನೂ ಮರೆತಿಲ್ಲ.

ನೋಡಬೇಕಾದ್ದು ಇಷ್ಟು. ಮೇವು 15 ನಿಮಿಷದಲ್ಲಿ ಮುಗಿದರೆ ಅಳತೆ ಸರಿ. ಐದೇ ನಿಮಿಷಕ್ಕೆ ಮುಗಿದು ಮೀನು ಇನ್ನೂ ಹುಡುಕಾಡಿದರೆ ಒಂದೆರಡು ಸೆಕೆಂಡು ಏರಿಸಿ. 20 ನಿಮಿಷದ ಮೇಲೂ ಚೌಕಟ್ಟಿನಲ್ಲಿ ಕಾಳು ತೇಲುತ್ತಿದ್ದರೆ ಮುಂದಿನ ಹೊತ್ತನ್ನು ಬಿಟ್ಟು, ಆಮೇಲೆ ಎರಡು ಸೆಕೆಂಡು ಇಳಿಸಿ. ವಾರ ಕಳೆದ ಮೇಲೂ ದಿನಕ್ಕೆ ಒಂದು ಹೊತ್ತಾದರೂ ಮನೆಯವರಲ್ಲಿ ಒಬ್ಬರು ಇದನ್ನು ನೋಡಲೇಬೇಕು. ನಮ್ಮ ಮನೆಯಲ್ಲಿ ಸಂಜೆ ನಾಲ್ಕರದ್ದು ಅಮ್ಮನ ಪಾಲಿಗೆ ಬಂದಿದೆ. ನನಗಿಂತ ಅವರ ಕಣ್ಣು ಚುರುಕು.

ಮೀನು ಹೊತ್ತು ಕಲಿತರೆ ಹಕ್ಕಿಯೂ ಕಲಿಯುತ್ತದೆ. ನೀರುಕಾಗೆ, ಬೆಳ್ಳಕ್ಕಿ, ಮಿಂಚುಳ್ಳಿ ಒಂಬತ್ತಕ್ಕೆ ಸರಿಯಾಗಿ ಬಂದು ಕೂರುತ್ತವೆ. ಚೌಕಟ್ಟಿನ ಮೇಲ್ಭಾಗಕ್ಕಾದರೂ ಒಂದಡಿ ಅಂತರದಲ್ಲಿ ನೈಲಾನ್ ದಾರ ಬಿಗಿದರೆ ನೀರುಕಾಗೆಯ ಹಾವಳಿ ಕಡಿಮೆಯಾಗುತ್ತದೆ.

ಮೋಡ ಕವಿದ ದಿನ

ಯಂತ್ರ ತಂದ ಮೊದಲ ವರ್ಷ ಶ್ರಾವಣದಲ್ಲಿ ಮೂರು ದಿನ ನೆಂಟರ ಮದುವೆಗೆ ಹೋಗಿದ್ದೆವು. ಯಂತ್ರ ಇದೆಯಲ್ಲ ಎಂಬ ಧೈರ್ಯ. ಆ ಮೂರು ದಿನವೂ ಊರಿನಲ್ಲಿ ಬಿಸಿಲು ಬರಲಿಲ್ಲ, ಜಿಟಿಜಿಟಿ ಮಳೆ. ಬಿಸಿಲಿಲ್ಲದೆ ಪಾಚಿ ಆಮ್ಲಜನಕ ಬಿಡಲಿಲ್ಲ, ಮೀನು ಮೇವು ಮುಟ್ಟಲಿಲ್ಲ, ಯಂತ್ರ ಮಾತ್ರ ಒಂದು ಹೊತ್ತೂ ತಪ್ಪಿಸಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಬಂದು ನೋಡಿದರೆ ಮೂಡಣ ಅಂಚಿನಲ್ಲಿ ಮೇವು ಉಬ್ಬಿ ಗಂಜಿಯಾಗಿತ್ತು, ಉಳಿದ ಮೀನು ನೀರಿನ ಮೇಲೆ ಬಾಯಿ ತೆರೆದು ಒದ್ದಾಡುತ್ತಿತ್ತು. ಅರುವತ್ತಕ್ಕೂ ಹೆಚ್ಚು ಸತ್ತಿದ್ದವು, ಅದರಲ್ಲೂ ದೊಡ್ಡವೇ ಹೆಚ್ಚು.

ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುವುದನ್ನು ಹಸಿವು ಎಂದು ತಿಳಿಯುವವರಿದ್ದಾರೆ. ಅದು ಉಸಿರುಗಟ್ಟಿದ ಲಕ್ಷಣ. ಕಂಡ ಕೂಡಲೆ ಯಂತ್ರ ನಿಲ್ಲಿಸಿ. ಪಂಪಿಟ್ಟು ಹೊಂಡದ ನೀರನ್ನೇ ಎತ್ತಿ ಮೇಲಿಂದ ಮಳೆಯಂತೆ ಅದೇ ಹೊಂಡಕ್ಕೆ ಚಿಮ್ಮಿಸಿ. ಬೋರಿನ ನೀರು ಬಿಡುವುದಾದರೂ ಪೈಪನ್ನು ನೀರಿನೊಳಗೆ ಇಳಿಸದೆ ಎತ್ತರದಿಂದ ಚಿಮ್ಮಿಸಿ. ಆಳದಿಂದ ಬಂದ ಬೋರಿನ ನೀರಿನಲ್ಲಿ ಆಮ್ಲಜನಕ ಕಡಿಮೆ. ಮೀನು ಕೆಳಗಿಳಿದು ಓಡಾಡತೊಡಗಿದ ಮೇಲೂ ಎರಡು ದಿನ ಮೇವು ಬೇಡ.

ಅಂದಿನಿಂದ ನಮ್ಮ ನಿಯಮ: ಬೆಳಿಗ್ಗೆ ಎಂಟಕ್ಕೆ ಬಿಸಿಲಿಲ್ಲದಿದ್ದರೆ ಮೇವು ಅರ್ಧ, ಎರಡನೆಯ ದಿನವೂ ಇಲ್ಲದಿದ್ದರೆ ಯಂತ್ರ ಬಂದ್. ನೀರಿನ ಬಣ್ಣಕ್ಕೂ ಒಂದು ಪರೀಕ್ಷೆಯಿದೆ. ಕೋಲಿನ ತುದಿಗೆ ಬಿಳಿ ತಟ್ಟೆ ಕಟ್ಟಿ ನೀರಿಗೆ ಇಳಿಸಿ. 30 ಸೆಂಟಿಮೀಟರ್ ಆಸುಪಾಸಿನಲ್ಲಿ ಕಣ್ಮರೆಯಾದರೆ ನೀರು ಚೆನ್ನಾಗಿದೆ. ಇಪ್ಪತ್ತಕ್ಕೇ ಮರೆಯಾದರೆ ಪಾಚಿ ಮಿತಿಮೀರಿದೆ, ಅದಕ್ಕೆ ಉಣಿಸುತ್ತಿರುವುದು ನಿಮ್ಮದೇ ಹೆಚ್ಚುವರಿ ಮೇವು. ಮೇವು ನಿಲ್ಲಿಸಿ, ಸ್ವಲ್ಪ ನೀರು ತೋಟಕ್ಕೆ ಹಾಯಿಸಿ ಹೊಸ ನೀರು ಬಿಡಿ. ಆ ಹಸಿರು ನೀರು ಅಡಿಕೆಗೂ ಬಾಳೆಗೂ ಒಳ್ಳೆಯ ಗೊಬ್ಬರ.

ತೇವ, ಇಲಿ, ಇರುವೆ

ಮಳೆಗಾಲದಲ್ಲಿ ಡ್ರಮ್ಮಿಗೆ ಮೂರು ದಿನದ ಮೇವಿಗಿಂತ ಹೆಚ್ಚು ತುಂಬಬೇಡಿ. ರಾತ್ರಿ ತಣಿದಾಗ ಡ್ರಮ್ಮಿನ ಒಳಗೋಡೆಗೆ ಇಬ್ಬನಿ ಕಟ್ಟಿ ತಳದ ಕಾಳು ಮುದ್ದೆಯಾಗುತ್ತದೆ. ಆಗ ಮೋಟಾರು ತಿರುಗುತ್ತದೆ, ಸದ್ದೂ ಬರುತ್ತದೆ, ಮೇವು ಮಾತ್ರ ಬೀಳುವುದಿಲ್ಲ. ತುಂಬುವ ಮುಂಚೆ ಜರಡಿ ಹಿಡಿದು ಹುಡಿ ತೆಗೆಯಿರಿ, ಕಟ್ಟಿಕೊಳ್ಳುವುದು ಬಹುಪಾಲು ಆ ಹುಡಿಯಿಂದಲೇ. ಮುಗ್ಗಲು ವಾಸನೆ ಬಂದ ಮೇವನ್ನು ದುಡ್ಡು ಕೊಟ್ಟಿದ್ದೇವೆಂದು ಹಾಕಬೇಡಿ. ಬೂಷ್ಟಿನ ವಿಷ ಮೀನಿನ ಪಿತ್ತಜನಕಾಂಗವನ್ನು ಹಾಳು ಮಾಡುತ್ತದೆ. ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಇಡಿ. ತಯಾರಾದ ದಿನದಿಂದ ಮೂರು ತಿಂಗಳೊಳಗೆ ಮುಗಿಯುವಷ್ಟೇ ತನ್ನಿ.

ಇರುವೆಗೆ ಅಡುಗೆಮನೆಯ ಉಪಾಯವೇ ಸಾಕು: ಕಾಲುಮಣೆಯ ಕಾಲುಗಳನ್ನು ನೀರು ತುಂಬಿದ ಬಟ್ಟಲಿನೊಳಗೆ ನಿಲ್ಲಿಸಿ. ಹಳೆ ಆಯಿಲ್ ನೆನೆಸಿದ ಬಟ್ಟೆ ಸುತ್ತುವವರಿದ್ದಾರೆ, ಮಳೆಗೆ ಅದು ತೊಳೆದು ಹೊಂಡಕ್ಕೇ ಇಳಿಯುತ್ತದೆ. ಇಲಿ ತಂತಿ ಕಡಿಯದಂತೆ ವೈರನ್ನು ಕಬ್ಬಿಣದ ಪೈಪಿನಲ್ಲಿ ಹಾಯಿಸಿ.

ಊರಿಗೆ ಹೋಗುವಾಗ

ಯಂತ್ರ ಕೊಳ್ಳುವುದೇ ಇದಕ್ಕಾಗಿ ಎನ್ನುವವರು ಬಹಳ. ಹೋಗಿ, ಆದರೆ ಹೊರಡುವ ಮುಂಚೆ ಸೆಕೆಂಡುಗಳನ್ನು ಅರ್ಧಕ್ಕೆ ಇಳಿಸಿ, ಆ ದಿನಗಳಿಗೆ ಬೇಕಾದಷ್ಟೇ ಮೇವು ತೂಗಿ ತುಂಬಿ. ನೂರು ಗ್ರಾಂ ದಾಟಿದ ಮೀನು ನಾಲ್ಕು ದಿನ ಅರೆಹೊಟ್ಟೆಯಲ್ಲಿದ್ದರೆ ಏನೂ ಆಗುವುದಿಲ್ಲ. ಸ್ವಿಚ್ಚಿಗೆ ಕೆಂಪು ಬಣ್ಣ ಬಳಿದು, ಹೊಲದ ಪಕ್ಕದವರಿಗೆ ತೋರಿಸಿ ಎರಡೇ ಮಾತು ಹೇಳಿ ಹೋಗಿ: ಬೆಳಿಗ್ಗೆ ಆರೂವರೆಗೆ ಒಮ್ಮೆ ಹೊಂಡ ನೋಡಿ. ಮೋಡವಿದ್ದರೆ, ಇಲ್ಲವೇ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಕೆಂಪು ಸ್ವಿಚ್ಚು ಕೆಳಗೆ ಒತ್ತಿ, ಆಮೇಲೆ ನನಗೆ ಫೋನ್ ಮಾಡಿ.